ಜಾರ್ಜ್ ಫರ್ನಾಂಡಿಸ್ ಮತ್ತು ಆರು ಕಾಗೆಗಳು: ಮುಲುಂಡಿನ ಒಂದು ಓದು ಬಳಗದ ಪ್ರಕರಣ

ಮುಂಬಯಿಯ ಮುಲುಂಡಿನಲ್ಲಿ ನಮ್ಮದೊಂದು ಓದು ಬಳಗವಿದೆ. ಸೊಸೈಟಿಯ ಆಫೀಸ್ ರೂಮಿನಲ್ಲಿ ಭಾನುವಾರ ಸಂಜೆ ಸೇರುತ್ತೇವೆ. ಬರುವವರಲ್ಲಿ ಹೆಚ್ಚಿನವರು ಉಡುಪಿ, ಕಾರ್ಕಳ, ಕುಂದಾಪುರ ಕಡೆಯವರು. ಧಾರವಾಡ, ಬಿಜಾಪುರ ಕಡೆಯ ಕೆಲವು ಮನೆಯವರೂ ಇದ್ದಾರೆ. ಹಿರಿಯರು ಕನ್ನಡ ಓದುತ್ತಾರೆ. ಮಕ್ಕಳು ಮನೆಯಲ್ಲಿ ತುಳು ಇಲ್ಲವೇ ಕನ್ನಡ ಆಡುತ್ತಾರೆ, ಕೆಳಗೆ ಆಟಕ್ಕಿಳಿದರೆ ಹಿಂದಿ, ಮರಾಠಿ. ಓದುವುದು ಮಾತ್ರ ಇಂಗ್ಲಿಷ್. ನಾನು ಒಂದು ಶಾಲೆಯ ಲೈಬ್ರರಿ ನೋಡಿಕೊಳ್ಳುವವಳು. ಬಳಗಕ್ಕೆ ಪುಸ್ತಕ ಹೊಂದಿಸುವ ಕೆಲಸವೂ ನನ್ನದೇ.

ಈ ಬಳಗ ಒಮ್ಮೆ ಒಡೆದುಹೋಗುವ ಹಂತಕ್ಕೆ ಬಂದಿತ್ತು. ಕಾರಣ ಎರಡು ಓದು. ಒಂದು ಹದಿಹರೆಯದವರ ಫ್ಯಾಂಟಸಿ ಕಾದಂಬರಿ, ಇನ್ನೊಂದು ರಾಜಕಾರಣಿಯೊಬ್ಬರ ಜೀವನಚರಿತ್ರೆ. ಆಗ ಯಾರು ಏನಂದರು, ಯಾಕಂದರು, ಮುಂದೇನಾಯಿತು ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಪುಣೆ, ಗೋವಾ ಕಡೆ ಇಂಥ ಬಳಗ ನಡೆಸುವವರಿಗೂ ಇದು ಬೇಕಾಗಬಹುದು. ಬಳಗದ ಯಾರ ಹೆಸರನ್ನೂ ಹಾಕಿಲ್ಲ.

ಆಯ್ಕೆ

ಹಿರಿಯರು ಒಂದು ಮೂಲೆ, ಮಕ್ಕಳು ಒಂದು ಮೂಲೆ ಹಿಡಿದು ತಮ್ಮ ತಮ್ಮ ಪುಸ್ತಕ ಓದುವುದು ಬಹಳ ಕಾಲ ನಡೆದಿತ್ತು. ಹಾಗಾದರೆ ಒಂದೇ ರೂಮಿನಲ್ಲಿ ಸೇರುವುದು ಯಾಕೆ, ಅಲ್ವಾ? ಒಂದು ಒಪ್ಪಂದ ಮಾಡಿಕೊಂಡೆವು. ಹಿರಿಯರು ಆರಿಸಿದ್ದನ್ನು ಮಕ್ಕಳು ಓದಬೇಕು. ಮಕ್ಕಳು ಆರಿಸಿದ್ದನ್ನು ಹಿರಿಯರು ಓದಬೇಕು. ಇಂಗ್ಲಿಷ್ ಬಾರದವರಿಗೆ ಮಕ್ಕಳು ವಾರವಾರವೂ ಕಥೆ ಹೇಳಬೇಕು. ಕನ್ನಡ ಅಕ್ಷರ ಬಾರದ ಮಕ್ಕಳಿಗೆ ಹಿರಿಯರು ಗಟ್ಟಿಯಾಗಿ ಓದಬೇಕು.

ಹಿರಿಯರ ಆಯ್ಕೆ ತಕ್ಷಣ ಆಯಿತು: ಜಾರ್ಜ್ ಫರ್ನಾಂಡಿಸ್. ಮುಂಬಯಿಯ ಕರಾವಳಿ ಜನಕ್ಕೆ ಅವರು ಬರೀ ರಾಜಕಾರಣಿ ಅಲ್ಲ, ಊರಿನ ಹುಡುಗ. 1930ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ಪಾದ್ರಿ ಆಗಲೆಂದು ಮನೆಯವರು ಬೆಂಗಳೂರಿನ ಸೆಮಿನರಿಗೆ ಕಳಿಸಿದರೆ, ಅದನ್ನು ಬಿಟ್ಟು ಹೊರಬಂದರು. ಮಂಗಳೂರಿನಲ್ಲಿ ಅಮ್ಮೆಂಬಳ ಬಾಳಪ್ಪ ಅವರಂಥ ಸಮಾಜವಾದಿಗಳ ಜೊತೆ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ನಡುವೆ ಕೆಲಸ ಮಾಡಿದರು. ಆಮೇಲೆ ಕೆಲಸ ಹುಡುಕಿಕೊಂಡು ಮುಂಬಯಿಗೆ ಬಂದು ಚೌಪಾಟಿಯ ಬೆಂಚುಗಳ ಮೇಲೆ ಮಲಗಿದರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರ ಜೊತೆ ಸೇರಿ ಸಂಘಟನೆ ಕಲಿತರು. ಹೋಟೆಲ್ ಹುಡುಗರು, ಟ್ಯಾಕ್ಸಿಯವರು, ಮಹಾನಗರ ಪಾಲಿಕೆಯ ಕಾರ್ಮಿಕರು ಅವರ ಹಿಂದೆ ನಿಂತರು. 1967ರ ಲೋಕಸಭೆ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ಮೂರು ಸಲ ಮುಂಬಯಿಯ ಮೇಯರ್ ಆದವರು, ಆಗ ಕೇಂದ್ರದಲ್ಲಿ ರೈಲ್ವೆ ಮಂತ್ರಿ. ಅವರನ್ನು ಸೋಲಿಸುವುದು ಸಾಧ್ಯ ಅಂತ ಊಹಿಸಿದವರು ಕಡಿಮೆ.

ನಮ್ಮ ಹಿರಿಯರು ಜಾರ್ಜರನ್ನು ನೆನೆಯುವುದು ಮುಖ್ಯವಾಗಿ ರೈಲಿನಿಂದ. 1989ರ ಕೊನೆಯಲ್ಲಿ ಅವರು ರೈಲ್ವೆ ಮಂತ್ರಿಯಾದ ಮೇಲೆ ಕೊಂಕಣ ರೈಲ್ವೆಗೆ ಜೀವ ಬಂತು. 1998ರಲ್ಲಿ ಇಡೀ ದಾರಿ ತೆರೆಯಿತು. ಅದಕ್ಕೆ ಮುಂಚೆ ಊರಿಗೆ ಹೋಗುವುದೆಂದರೆ ಘಾಟಿ ಹತ್ತಿಳಿಯುವ ಬಸ್ಸು. ಅದಕ್ಕೂ ಹಿಂದಿನವರಿಗೆ ಹಡಗು. ಅವರ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳನ್ನೂ ಒಂದು ದೊಡ್ಡ ಇಂಗ್ಲಿಷ್ ಜೀವನಚರಿತ್ರೆಯ ಭಾಗಗಳನ್ನೂ ಸೇರಿಸಿ ಓದಲು ಇಟ್ಟುಕೊಂಡೆವು.

ಮಕ್ಕಳು ಆರಿಸಿದ್ದು ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’. 2015ರಲ್ಲಿ ಬಂದ ಕಾದಂಬರಿ. ಅದರ ಮುಂದಿನ ಭಾಗ 2016ರಲ್ಲಿ ಬಂತು. ಕೆಟರ್‌ಡ್ಯಾಮ್ ಅನ್ನುವ ಕಲ್ಪನೆಯ ಬಂದರು ನಗರ. ಅಲ್ಲಿ ಆರು ಜನ ಹುಡುಗ ಹುಡುಗಿಯರು ಸೇರಿ, ಯಾರೂ ನುಗ್ಗಲಾರದ ಒಂದು ಕೋಟೆಯೊಳಗಿನಿಂದ ಒಬ್ಬ ಮನುಷ್ಯನನ್ನು ಎತ್ತಿಕೊಂಡು ಬರಲು ಹೊರಡುತ್ತಾರೆ. ಗುಂಪಿನ ನಾಯಕ ಕಾಜ್ ಕುಂಟುತ್ತಾನೆ, ಕೋಲು ಹಿಡಿದೇ ನಡೆಯುತ್ತಾನೆ. ಇನೆಜ್ ಕಂದು ಬಣ್ಣದ ಹುಡುಗಿ. ಅವಳನ್ನು ಗುಲಾಮರ ವ್ಯಾಪಾರಿಗಳು ಹಿಡಿದು ವೇಶ್ಯಾಗೃಹಕ್ಕೆ ಮಾರಿದ್ದರು. ಜೆಸ್ಪರ್ ಕಪ್ಪು ಬಣ್ಣದವನು, ಬಂದೂಕಿನಲ್ಲಿ ನಿಪುಣ, ಜೂಜಿನ ಚಟದವನು. ನೀನಾ ದಪ್ಪಗಿನ ಹುಡುಗಿ, ಅದಕ್ಕಾಗಿ ಅವಳಿಗೆ ಯಾವ ಸಂಕೋಚವೂ ಇಲ್ಲ. ವೈಲನ್ ಶ್ರೀಮಂತ ವ್ಯಾಪಾರಿಯ ಮಗ, ಅವನಿಗೆ ಓದಲು ಬರುವುದಿಲ್ಲ. ಜೆಸ್ಪರ್ ಮತ್ತು ವೈಲನ್ ನಡುವೆ ಪ್ರೀತಿ ಹುಟ್ಟುತ್ತದೆ. ಆರನೆಯವನು ಮತಿಯಾಸ್, ನೀನಾಳಂಥ ಮಾಂತ್ರಿಕ ಶಕ್ತಿ ಇರುವವರನ್ನು ಬೇಟೆಯಾಡಲೆಂದೇ ಬೆಳೆಸಿದ ಹುಡುಗ.

ಇಂಥ ಕಾದಂಬರಿಗಳು ಇಂಗ್ಲಿಷಿನಲ್ಲಿ ಯಾಕೆ ಬರುತ್ತಿವೆ ಅನ್ನುವುದಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮಕ್ಕಳ ಪುಸ್ತಕ ಕೇಂದ್ರದವರು 1985ರಲ್ಲಿ ಒಂದು ಲೆಕ್ಕ ಹಾಕಿದರು. ಆ ವರ್ಷ ಅಲ್ಲಿ ಬಂದ ಸುಮಾರು 2,500 ಮಕ್ಕಳ ಪುಸ್ತಕಗಳಲ್ಲಿ ಕಪ್ಪು ಜನರು ಬರೆದದ್ದು, ಚಿತ್ರ ಬಿಡಿಸಿದ್ದು ಬರೀ 18. ಆಮೇಲೆ ಈ ಲೆಕ್ಕ ಪ್ರತಿ ವರ್ಷವೂ ನಡೆಯಿತು. 2014ರಲ್ಲಿ ಓದುಗರು, ಲೇಖಕರು ಸೇರಿ ಎಲ್ಲ ಬಗೆಯ ಮಕ್ಕಳೂ ಇರುವ ಪುಸ್ತಕ ಬೇಕು ಅಂತ ಚಳವಳಿಯನ್ನೇ ಶುರು ಮಾಡಿದರು. ಇದನ್ನು ಮೊದಲ ದಿನವೇ ಎಲ್ಲರಿಗೂ ಹೇಳಿದ್ದೆ. ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಮೊದಲ ಮಾತುಗಳು

ಮೊದಲ ವಾರಗಳಲ್ಲಿ ಬಂದ ಪ್ರತಿಕ್ರಿಯೆಗಳನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕಾದಂಬರಿಯ ಬಗ್ಗೆ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು, ನಾವೆಲ್ಲ ರಾಯರು ಅಂತ ಕರೆಯುವವರು, ಹೀಗಂದರು: “ಒಬ್ಬ ಕುಂಟ, ಒಬ್ಬಳು ಕಪ್ಪು, ಒಬ್ಬಳು ದಪ್ಪ, ಒಬ್ಬನಿಗೆ ಓದಲು ಬರಲ್ಲ. ಎಲ್ಲಾ ಜಾತಿಯವರಿಗೂ ಟಿಕೆಟ್ ಹಂಚಿದ ಹಾಗಿದೆ. ಕಥೆ ಎಲ್ಲಿದೆ?” ಇನ್ನೊಬ್ಬರು, “ಹೆಸರುಗಳೇ ನಾಲಿಗೆಗೆ ಹತ್ತೋದಿಲ್ಲ,” ಅಂದರು. ಧಾರವಾಡದ ಅಜ್ಜಿಯೊಬ್ಬರು ಮಾತ್ರ ಬೇರೆ ಹೇಳಿದರು: “ಆ ಹುಡುಗ ಕೋಲು ಹಿಡಕೊಂಡು ರೊಕ್ಕದ ವ್ಯವಹಾರ ಮಾಡ್ತಾನ, ಎಲ್ಲಾರನ್ನೂ ಹೆದರಸ್ತಾನ. ಕೋಲಿದ್ದವ್ರ ಮ್ಯಾಲೆ ಯಾರೂ ಅಯ್ಯೋ ಪಾಪ ಅನ್ನಂಗಿಲ್ಲ. ಇದು ನನಗ ಸೇರಿತು.” ಲೇಖಕಿಗೇ ಮೂಳೆಯ ಕಾಯಿಲೆ ಇದೆ, ಕೆಲವೊಮ್ಮೆ ಅವರೂ ಕೋಲು ಹಿಡಿದು ನಡೆಯುತ್ತಾರೆ ಅಂತ ಒಬ್ಬ ಹುಡುಗಿ ಪುಸ್ತಕದ ಕೊನೆಯ ಪುಟ ತೆಗೆದು ತೋರಿಸಿದಳು. ಅಜ್ಜಿ ಅದನ್ನು ಎರಡು ಸಲ ಓದಿಸಿಕೊಂಡರು.

ಜಾರ್ಜ್ ಬಗ್ಗೆ ಮಕ್ಕಳದ್ದೂ ಅಷ್ಟೇ ಖಾರ. “ತುಂಬಾ ಹೆಸರು, ತುಂಬಾ ಪಕ್ಷ.” “ಪ್ರತಿ ಪ್ಯಾರಾದಲ್ಲೂ ಅವರೇ ಹೀರೋ.” “ಹೆಂಗಸರು ಎಲ್ಲಿ?” ಈ ಕೊನೆಯ ಪ್ರಶ್ನೆ ಕಾಲೇಜಿಗೆ ಹೋಗುವ ಹುಡುಗಿಯದ್ದು. ಅವಳಿಗೆ ನಮ್ಮ ನಿವೃತ್ತ ಕನ್ನಡ ಟೀಚರ್ ಉತ್ತರ ಕೊಟ್ಟರು, ಸ್ನೇಹಲತಾ ರೆಡ್ಡಿ ಅವರ ಕಥೆ ಹೇಳಿ. ‘ಸಂಸ್ಕಾರ’ ಸಿನಿಮಾದ ನಟಿ. ತುರ್ತು ಪರಿಸ್ಥಿತಿಯಲ್ಲಿ ಬರೋಡಾ ಡೈನಮೈಟ್ ಪ್ರಕರಣದ (ಸರ್ಕಾರದ ವಿರುದ್ಧ ಸ್ಫೋಟದ ಸಂಚು ಅನ್ನುವ ಆರೋಪ) ನೆಪದಲ್ಲಿ ಅವರನ್ನು ಹಿಡಿದು ಬೆಂಗಳೂರು ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು, ಸರಿಯಾದ ಆರೈಕೆ ಸಿಗಲಿಲ್ಲ. ಪರೋಲ್ ಮೇಲೆ ಹೊರಬಂದ ಸ್ವಲ್ಪ ದಿನಕ್ಕೇ, 1977ರ ಜನವರಿಯಲ್ಲಿ ತೀರಿಕೊಂಡರು. ಅದೇ ಪ್ರಕರಣದಲ್ಲಿ ಜೈಲಿನಲ್ಲಿದ್ದ ಜಾರ್ಜ್ ಎರಡೇ ತಿಂಗಳ ನಂತರ ಜೈಲಿನಿಂದಲೇ ಬಿಹಾರದ ಮುಜಾಫರ್‌ಪುರದಲ್ಲಿ ಗೆದ್ದರು, ಮಂತ್ರಿಯಾದರು. ಹುಡುಗಿ ಕೇಳಿದಳು: “ಟೀಚರ್, ಇದನ್ನು ಮೊದಲೇ ಯಾಕೆ ಓದಲಿಲ್ಲ ನಾವು? ಬೇಡಿ ಹಾಕಿದ ಕೈ ಎತ್ತಿದ ಅವರ ಫೋಟೋ ಎಲ್ಲರಿಗೂ ಗೊತ್ತು. ಇವರ ಫೋಟೋ ನಾನು ಇವತ್ತೇ ನೋಡ್ತಿರೋದು.”

ಆ ಪ್ರಶ್ನೆಯ ತೂಕ ನನಗೆ ಅಂದೇ ತಟ್ಟಿತು. ಒಳಗೆ ಯಾರಿದ್ದಾರೆ, ಯಾರಿಲ್ಲ ಅಂತ ಕೇಳುವುದು ಫ್ಯಾಂಟಸಿಗೆ ಮಾತ್ರ ಅಂತ ರಾಯರಂಥವರು ತಿಳಿದಿದ್ದರು. ಅದೇ ಪ್ರಶ್ನೆ ಜೀವನಚರಿತ್ರೆಯ ಬಾಗಿಲಿಗೂ ಬಂದು ನಿಂತಿತ್ತು.

ಟೀಚರ್ ಅಲ್ಲಿಗೇ ನಿಲ್ಲಿಸಲಿಲ್ಲ. ರಾಯರ ಕಡೆ ತಿರುಗಿ, 1973ರ ಬೂಸಾ ಗಲಾಟೆ ನೆನಪಿದೆಯಾ ಅಂತ ಕೇಳಿದರು. ಆಗ ಮೈಸೂರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಿದ್ದರು. ಗಲಾಟೆ ಎದ್ದು, ಅವರು ಮಂತ್ರಿ ಸ್ಥಾನವನ್ನೇ ಬಿಡಬೇಕಾಯಿತು. “ಆ ಸಾಹಿತ್ಯದಲ್ಲಿ ನಮ್ಮವರು ಎಲ್ಲಿದ್ದಾರೆ ಅಂತ ದಲಿತ ಹುಡುಗರು ಕೇಳಿದರು. ಆಗಲೂ ಜನ, ಸಾಹಿತ್ಯಕ್ಕೆ ಜಾತಿ ತರಬೇಡಿ ಅಂದರು. ಆರೇಳು ವರ್ಷದಲ್ಲಿ ಬಂಡಾಯ ಸಾಹಿತ್ಯ ಬಂತು. ಇವತ್ತು ಅದಿಲ್ಲದೆ ಕನ್ನಡ ಪಾಠ ಮಾಡೋಕಾಗುತ್ತಾ ರಾಯರೇ?” ರಾಯರು ಏನೂ ಹೇಳಲಿಲ್ಲ. ಒಪ್ಪಿದರು ಅಂತಲೂ ಅಲ್ಲ.

ಒಬ್ಬ ತಾಯಿಯ ಆಕ್ಷೇಪ

ಬಿರುಕು ಬಿಟ್ಟಿದ್ದು ಬೇರೆ ಕಡೆಯಿಂದ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ತಾಯಿ ಫೋನ್ ಮಾಡಿದರು. “ಅಕ್ಕಾ, ಹುಡುಗ ಹುಡುಗ ಪ್ರೀತಿ ಮಾಡೋ ಪುಸ್ತಕ ಓದಿಸ್ತಿದ್ದೀರಂತೆ. ನಮ್ಮವಳು ಇನ್ಮುಂದೆ ಬರಲ್ಲ.” ಮುಂದಿನ ಭಾನುವಾರ ಇನ್ನೂ ಒಂದು ಮನೆಯವರು ಬರಲಿಲ್ಲ. ರಾಯರು ಇದೇ ಸಮಯ ನೋಡಿ, ಇನ್ನು ಮೇಲೆ ಬಳಗದಲ್ಲಿ ನಿಜವಾದ ಪುಸ್ತಕಗಳನ್ನು ಮಾತ್ರ ಓದೋಣ ಅಂತ ಹೇಳಿದರು. ಕೆಲವರು ತಲೆಯಾಡಿಸಿದರು. ಮಕ್ಕಳು ಎದ್ದು ಹೊರಗೆ ಹೋದರು.

ಕೈ ಎತ್ತಿಸಿ ತೀರ್ಮಾನ ಮಾಡೋಣ ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. ಪುಸ್ತಕವೊಂದನ್ನು ಓದದವರ ಕೈ ಎಣಿಸಿ ಅದನ್ನು ಹೊರಗಿಡುವುದು ಓದು ಬಳಗದ ಕೆಲಸ ಅಲ್ಲ, ಹಾಗೆ ಮಾಡಿದರೆ ನಾಳೆ ಜಾರ್ಜರನ್ನೂ ಅದೇ ರೀತಿ ಹೊರಗೆ ಹಾಕಬಹುದು. ಬದಲಿಗೆ ಒಂದೇ ಒಂದು ಕಟ್ಟಳೆ ತಂದೆ. ಹೊಗಳುವುದಾದರೂ ತೆಗಳುವುದಾದರೂ ಪುಟ ತೆರೆದು, ಆ ಸಾಲು ಓದಿ, ಆಮೇಲೆ ಮಾತು. ಎರಡೂ ಪುಸ್ತಕಕ್ಕೂ ಇದೇ. ಸಣ್ಣವರಿಗೂ ದೊಡ್ಡವರಿಗೂ ಇದೇ.

ಆ ತಾಯಿಯ ಮನೆಗೆ ಹೋದೆ. ಅವರು ಪುಸ್ತಕ ನೋಡಿರಲಿಲ್ಲ, ಪಕ್ಕದವರು ಹೇಳಿದ್ದರು. ಪುಸ್ತಕವನ್ನು ಅವರ ಕೈಗೇ ಕೊಟ್ಟು, ಓದಿ ಆಮೇಲೆ ಹೇಳಿ ಅಂದೆ. ಅವರು ನಿಜಕ್ಕೂ ಓದಿದರು. ಬಿ.ಕಾಂ. ಮಾಡಿ, ಮದುವೆಯಾದ ಮೇಲೆ ಕಾದಂಬರಿ ಮುಟ್ಟೇ ಇರಲಿಲ್ಲವಂತೆ. ವಾಪಸ್ ಬಂದು ಹೇಳಿದ ಮಾತು ನಾನು ನಿರೀಕ್ಷಿಸಿದ್ದಲ್ಲ. “ಆ ಹುಡುಗರದ್ದು ಮೊದಲ ಪುಸ್ತಕದಲ್ಲಿ ಒಂದು ನೋಟ, ಒಂದು ಚೇಷ್ಟೆ, ಅಷ್ಟೇ. ನಂಗೆ ಭಯ ಆಗಿದ್ದು ಇನೆಜ್ ಓದುವಾಗ. ಹದಿನಾಲ್ಕರ ಹುಡುಗೀನ ಹಡಗಲ್ಲಿ ಹಾಕ್ಕೊಂಡು ಹೋಗಿ ಮಾರ್ತಾರೆ. ಮತ್ತೆ ಆ ಕಾಜ್ ಒಬ್ಬನ ಕಣ್ಣು ಕೀಳ್ತಾನೆ. ನನ್ನ ಮಗಳಿಗೆ ಹದಿಮೂರು ಅಕ್ಕಾ.”

ಇದು ಸರಿಯಾದ ಆತಂಕ. ಅದನ್ನು ಅವರಿಗೆ ಅಲ್ಲೇ ಹೇಳಿದೆ. ಎಲ್ಲರನ್ನೂ ಒಳಗೊಳ್ಳುವ ಪುಸ್ತಕ ಅಂದ ಮಾತ್ರಕ್ಕೆ ಅದು ಎಲ್ಲ ವಯಸ್ಸಿಗೂ ಒಪ್ಪುತ್ತದೆ ಅಂತಲ್ಲ. ಇಂಥ ಪುಸ್ತಕಗಳನ್ನು ಮೆಚ್ಚುವ ನಮ್ಮಂಥವರು ಕೆಲವೊಮ್ಮೆ ಯಾವ ಆಕ್ಷೇಪ ಬಂದರೂ ಅದನ್ನು ಸಂಕುಚಿತ ಮನಸ್ಸಿನ ಲೆಕ್ಕಕ್ಕೆ ಹಾಕಿಬಿಡುತ್ತೇವೆ. ಹಾಗೆ ಮಾಡಿದರೆ ವಯಸ್ಸಿನ ಪ್ರಶ್ನೆ, ಹಿಂಸೆಯ ಪ್ರಶ್ನೆ ಕೇಳುವವರೇ ಇರುವುದಿಲ್ಲ. ಒಂಬತ್ತನೇ ಕ್ಲಾಸಿಗಿಂತ ಚಿಕ್ಕ ಮಕ್ಕಳು ಈ ಪುಸ್ತಕವನ್ನು ತಂದೆ ತಾಯಿ ಪಕ್ಕದಲ್ಲಿದ್ದರೆ ಮಾತ್ರ ಓದುವುದು ಅಂತ ಮಾಡಿದೆವು. ಆ ತಾಯಿ ಮಗಳ ಜೊತೆ ತಾವೇ ಬಂದು ಕೂರತೊಡಗಿದರು. ಹುಡುಗರ ಪ್ರೀತಿಯ ವಿಷಯದಲ್ಲಿ ಅವರ ಅಭಿಪ್ರಾಯ ಬದಲಾಗಿದೆ ಅಂತ ನಾನು ಹೇಳಲಾರೆ. ಅದರ ಬಗ್ಗೆ ಚರ್ಚೆ ಬಂದಾಗ ಸುಮ್ಮನೆ ಕೂರುತ್ತಾರೆ.

ಆ ಚರ್ಚೆಯಲ್ಲಿ ಒಬ್ಬರು, “ನಮಗೇನು ಇದು ಹೊಸದಾ? ಯಕ್ಷಗಾನದಲ್ಲಿ ಬೃಹನ್ನಳೆಯನ್ನು ರಾತ್ರಿಯಿಡೀ ನೋಡಿದವರು ನಾವು,” ಅಂದರು. ಕೇಳಲು ಚೆನ್ನಾಗಿತ್ತು, ಸಭೆ ಸ್ವಲ್ಪ ಹಗುರವಾಯಿತು. ಆದರೆ ಆ ವಾದದಲ್ಲಿ ನನಗೆ ನಂಬಿಕೆ ಇಲ್ಲ. ಬೃಹನ್ನಳೆ ಅರ್ಜುನನ ವೇಷ. ಅಜ್ಞಾತವಾಸ ಮುಗಿದರೆ ವೇಷವೂ ಮುಗಿಯುತ್ತದೆ. ಜೆಸ್ಪರ್ ವೇಷ ಹಾಕಿದವನಲ್ಲ. ಅವನಂಥವರು ನಮ್ಮ ಲೋಕಲ್ ಟ್ರೈನಿನಲ್ಲಿ, ನಮ್ಮ ಮನೆಗಳಲ್ಲಿ ಇದ್ದಾರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅವರ ಪ್ರೀತಿ ಅಪರಾಧ ಅಲ್ಲ ಅಂತ ಹೇಳಿತು. ಪುರಾಣದ ಅನುಮತಿ ತೋರಿಸಿದರೆ ಮಾತ್ರ ಅವರಿಗೆ ಕಥೆಯಲ್ಲಿ ಜಾಗ ಅನ್ನುವುದು ಸರಿಯಲ್ಲ.

ಪುಟ ತೆರೆದಾಗ

ಪುಟ ತೆರೆಯುವ ಕಟ್ಟಳೆಯಿಂದ ಮೊದಲು ಪೆಟ್ಟು ತಿಂದವರು ಮಕ್ಕಳೇ. ಅವರು ಪಾತ್ರಗಳ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದರು. ಇನೆಜ್ ಬೆಳ್ಳಗಿದ್ದಳು, ಜಾಹೀರಾತಿನ ಹುಡುಗಿಯ ಹಾಗೆ. ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು, ಮನೆಯಲ್ಲಿ ಬಣ್ಣದ ಮಾತು ಕೇಳಿ ಬೆಳೆದವಳು, ಪುಟ ತೆರೆದು ಇನೆಜ್‌ಳ ಬಣ್ಣದ ಸಾಲು ಓದಿದಳು. ಚಿತ್ರ ಬರೆದ ಹುಡುಗನಿಗೆ ಆ ಸಾಲು ಓದಿದ ನೆನಪೇ ಇಲ್ಲ. ಇದು ನಮ್ಮ ಮಕ್ಕಳದ್ದು ಮಾತ್ರ ಅಲ್ಲ. ‘ದಿ ಹಂಗರ್ ಗೇಮ್ಸ್’ ಕಾದಂಬರಿಯಲ್ಲಿ ರೂ ಅನ್ನುವ ಹುಡುಗಿಯದ್ದು ಗಾಢ ಕಂದು ಬಣ್ಣ ಅಂತ ಸ್ಪಷ್ಟವಾಗಿಯೇ ಇದೆ. 2012ರಲ್ಲಿ ಸಿನಿಮಾ ಬಂದಾಗ ಆ ಪಾತ್ರವನ್ನು ಕಪ್ಪು ಹುಡುಗಿ ಮಾಡಿದ್ದಕ್ಕೆ ಕೆಲವು ಓದುಗರು ಸಿಟ್ಟಾದರು. ಸಾಲು ಕಣ್ಣೆದುರೇ ಇತ್ತು. ಮನಸ್ಸಿನಲ್ಲಿ ಮೊದಲೇ ಇದ್ದ ಮುಖ ಆ ಸಾಲನ್ನು ಮುಚ್ಚಿತ್ತು.

ರಾಯರ ಸರದಿ ಬಂದಾಗ ಇದೇ ಆಯಿತು. ಅವರು ಜಾರ್ಜ್ ಬಗ್ಗೆ ಒಂದು ಗಂಟೆ ಮಾತಾಡಿದರು, ತುಂಬ ಚೆನ್ನಾಗಿ. 1974ರ ಮೇ 8ರಂದು ಶುರುವಾದ ರೈಲ್ವೆ ಮುಷ್ಕರ, ಸುಮಾರು 17 ಲಕ್ಷ ಕಾರ್ಮಿಕರು, ನಿಂತ ಲೋಕಲ್‌ಗಳು. ಆಮೇಲೆ 1977ರ ಗೆಲುವು, ಅವರು ಕೈಗಾರಿಕಾ ಮಂತ್ರಿಯಾಗಿದ್ದಾಗ ಕೋಕಾ-ಕೋಲಾ ಮತ್ತು ಐಬಿಎಂ ದೇಶ ಬಿಟ್ಟು ಹೋಗಿದ್ದು. ನಂತರ ನೇರವಾಗಿ ಕೊಂಕಣ ರೈಲ್ವೆಗೆ ಬಂದರು.

ಕಾಲೇಜಿನ ಹುಡುಗಿ ಪುಟ ತೆರೆದು ಕೂತಿದ್ದಳು. “ಅಂಕಲ್, ನಡುವೆ 1979 ಬಿಟ್ಟಿರಿ.” ಆ ವರ್ಷ ಜುಲೈನಲ್ಲಿ ಜಾರ್ಜ್ ಮೊರಾರ್ಜಿ ದೇಸಾಯಿ ಸರ್ಕಾರವನ್ನು ಲೋಕಸಭೆಯಲ್ಲಿ ಜೋರಾಗಿ ಸಮರ್ಥಿಸಿದರು. ಕೆಲವೇ ದಿನಗಳಲ್ಲಿ ಅದೇ ಸರ್ಕಾರ ಬಿಟ್ಟು ಹೊರಬಂದರು. ರಾಯರು, “ಅದು ರಾಜಕೀಯ, ನಿಮಗೆ ಗೊತ್ತಾಗಲ್ಲ,” ಅಂದರು. ಅವಳು ಇನ್ನೊಂದು ಪುಟ ತೆರೆದಳು. 2002ರಲ್ಲಿ ಗುಜರಾತ್ ಗಲಭೆಯ ಚರ್ಚೆಯಲ್ಲಿ ಹೆಂಗಸರ ಮೇಲಾದ ಅತ್ಯಾಚಾರದ ಬಗ್ಗೆ ಅವರಾಡಿದ ಮಾತು, ಅದಕ್ಕೆ ಎದ್ದ ಟೀಕೆ. ಆಗ ಅವರು ರಕ್ಷಣಾ ಮಂತ್ರಿ. ರಾಯರ ಮುಖ ಕೆಂಪಾಯಿತು. “ನೀವು ಅವರ ಕಾಲ ನೋಡಿಲ್ಲ. ಚೌಪಾಟಿಯಲ್ಲಿ ಮಲಗಿದ ಮನುಷ್ಯ ಅದು. ನಮ್ಮ ಹೋಟೆಲ್ ಹುಡುಗರನ್ನು ಮನುಷ್ಯರ ಹಾಗೆ ನೋಡಿದ ಮೊದಲ ನಾಯಕ.”

ಹುಡುಗಿ ಕೊಟ್ಟ ಉತ್ತರವನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ. “ಕಾಜ್ ಕಣ್ಣು ಕಿತ್ತ ಪುಟ ನಾನು ಬಿಟ್ಟಿಲ್ಲ ಅಂಕಲ್. ಅದನ್ನು ಓದಿಯೂ ನಂಗೆ ಕಾಜ್ ಇಷ್ಟ. ನೀವೂ ಜಾರ್ಜ್ ಅವರನ್ನು ಇಷ್ಟಪಡಿ. ಆದ್ರೆ ಆ ಪುಟ ಬಿಡಬೇಡಿ.”

ರಾಯರು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದರು. ಪುಸ್ತಕದಲ್ಲಿ ಬಣ್ಣದ ಚೀಟಿಗಳು ತುಂಬಿದ್ದವು. 1979ರ ಭಾಗವನ್ನು ತಾವೇ ಓದಿದರು, ದನಿ ಎತ್ತದೆ. ಅದಾದ ಮೇಲೆ ಅವರು ಎತ್ತಿದ ಒಂದು ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿದ ಹೊಸತರಲ್ಲಿ ಲುಂಗಿ ಉಟ್ಟವರನ್ನು ಓಡಿಸಿ ಅನ್ನುವ ಘೋಷಣೆ ಎದ್ದಿತ್ತು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಬಾಳ್ ಠಾಕ್ರೆ ಮತ್ತು ಜಾರ್ಜ್ ಸ್ನೇಹಿತರು. “ಆಗ ನಮ್ಮ ಪರ ಅವರು ಎಷ್ಟು ಮಾತಾಡಿದರು? ಇದನ್ನು ಯಾವ ಪುಸ್ತಕವೂ ಹೋಟೆಲ್ ಹುಡುಗರ ಬಾಯಿಂದ ಕೇಳಿ ಬರೆದಿಲ್ಲ,” ಅಂದರು. ಮೊದಲು ಮಕ್ಕಳ ಕಾದಂಬರಿಯನ್ನು ಟಿಕೆಟ್ ಹಂಚಿಕೆ ಅಂದವರು ಈಗ, ಜೀವನಚರಿತ್ರೆಯಲ್ಲಿ ನಮಗೆ ಸೀಟು ಯಾಕಿಲ್ಲ ಅಂತ ಕೇಳುತ್ತಿದ್ದರು. ಇದನ್ನು ನಾನು ಅವರಿಗೆ ಎತ್ತಿ ತೋರಿಸಲಿಲ್ಲ. ಅದರ ಅಗತ್ಯ ಇರಲಿಲ್ಲ.

ಓದಲು ಬಾರದವರು

ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ವೈಲನ್ ಪಾತ್ರಕ್ಕೆ ಬಂದ ಪ್ರತಿಕ್ರಿಯೆ.

ಬಳಗಕ್ಕೆ ಒಬ್ಬ ಅಜ್ಜ ಬರುತ್ತಾರೆ. ಕಾರ್ಕಳ ಕಡೆಯವರು. ಹುಡುಗನಾಗಿದ್ದಾಗ ಹಡಗು ಹತ್ತಿ ಮುಂಬಯಿಗೆ ಬಂದು ಫೋರ್ಟಿನ ಹೋಟೆಲೊಂದರಲ್ಲಿ ಟೇಬಲ್ ಒರೆಸಿದವರು. ಆಮೇಲೆ ಸಪ್ಲೈಯರ್ ಆದರು, ಕೊನೆಗೆ ಗಲ್ಲಾದಲ್ಲಿ ಕೂತರು. ಅವರು ಬರುತ್ತಿದ್ದದ್ದು ಜಾರ್ಜ್ ಓದು ಕೇಳಲು. ಫ್ಯಾಂಟಸಿ ಭಾಗ ಬಂದಾಗ ಕಣ್ಣು ಮುಚ್ಚಿ ಕೂರುತ್ತಿದ್ದರು. ನಿದ್ದೆ ಅಂತಲೇ ನಾವು ತಿಳಿದಿದ್ದೆವು.

ಕಾಜ್‌ನ ಬಾಲ್ಯದ ಕಥೆ ಬಂದ ದಿನ ಅವರು ಕಣ್ಣು ತೆರೆದರು. ತಂದೆ ಸತ್ತ ಮೇಲೆ ಕಾಜ್ ಮತ್ತು ಅವನ ಅಣ್ಣ ಹಳ್ಳಿಯಿಂದ ಬಂದರು ನಗರಕ್ಕೆ ಬರುತ್ತಾರೆ. ಕೋಟು ಹಾಕಿದ ಒಬ್ಬ ಸಭ್ಯಸ್ಥ ಕೆಲಸದ ಆಸೆ ತೋರಿಸಿ ಇದ್ದ ಹಣವನ್ನೆಲ್ಲ ನುಂಗುತ್ತಾನೆ. ಬೀದಿಗೆ ಬಿದ್ದ ಮೇಲೆ ಅಣ್ಣ ರೋಗದಿಂದ ಸಾಯುತ್ತಾನೆ. ಅಜ್ಜ ಹೇಳಿದರು: “ಇದು ಬೊಂಬಾಯಿ. ಹೆಸರು ಬೇರೆ ಇಟ್ಟಿದ್ದಾರೆ.” ಅಲ್ಲಿಂದ ಅವರು ಎರಡೂ ಕಥೆಗೆ ಕಿವಿ ಕೊಟ್ಟರು. ಜಾರ್ಜ್ ಮಲಗಿದ ಚೌಪಾಟಿಯ ಬೆಂಚೂ ಕಾಜ್ ಮಲಗಿದ ಬೀದಿಯೂ ಅವರಿಗೆ ಒಂದೇ ಊರಿನಲ್ಲಿದ್ದವು.

ಮೊದಲ ಪುಸ್ತಕದ ಕೊನೆಯ ಹೊತ್ತಿಗೆ ವೈಲನ್‌ನ ಗುಟ್ಟು ಹೊರಬರುತ್ತದೆ. ಅವನಿಗೆ ಓದಲು ಬರುವುದಿಲ್ಲ ಅಂತ ತಂದೆಯೇ ಎಲ್ಲರೆದುರು ಹೇಳುತ್ತಾನೆ, ಅಸಹ್ಯದಿಂದ. ಒಬ್ಬ ಹುಡುಗಿ ಅದನ್ನು ಕನ್ನಡದಲ್ಲಿ ಹೇಳಿದಳು. ಅಜ್ಜ, “ಮಗಾ, ಅದನ್ನು ಇನ್ನೊಮ್ಮೆ ಹೇಳು,” ಅಂದರು. ಆಮೇಲೆ ತಮ್ಮ ವಿಷಯ ಹೇಳಿದರು. ಊರಿನಲ್ಲಿ ಶಾಲೆಗೆ ಹೋಗಿರಲಿಲ್ಲ. ಹೋಟೆಲಿನ ತಿಂಡಿ ಬೋರ್ಡನ್ನು ಸಾಲು ನೋಡಿ ಬಾಯಿಪಾಠ ಮಾಡಿದ್ದರು, ಮೇಲಿನಿಂದ ಮೂರನೆಯದು ಉಪ್ಪಿಟ್ಟು ಅಂತ. ಒಂದು ದಿನ ಮಾಲೀಕರು ಬೋರ್ಡು ಬದಲಿಸಿದರು. ಗಿರಾಕಿಯ ಎದುರು ಅವಮಾನ ಆಯಿತು. ಆ ತಿಂಗಳೇ ಕನ್ನಡ ರಾತ್ರಿ ಶಾಲೆಗೆ ಸೇರಿದರು. ಮುಂಬಯಿಯ ರಾತ್ರಿ ಶಾಲೆಗಳು ಹೀಗೆ ಎಷ್ಟು ಹೋಟೆಲ್ ಹುಡುಗರಿಗೆ ಅಕ್ಷರ ಕೊಟ್ಟವು ಅನ್ನುವುದನ್ನು ನಮ್ಮ ಮಕ್ಕಳು ಅವತ್ತೇ ಮೊದಲು ಕೇಳಿದ್ದು.

ಆಗ ಹತ್ತನೇ ಕ್ಲಾಸಿನ ಒಬ್ಬ ಹುಡುಗ ಮಾತಾಡಿದ. ಅವನಿಗೆ ಡಿಸ್ಲೆಕ್ಸಿಯಾ. ಸಾಯನ್ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತಂದಿದ್ದಾರೆ. ಪರೀಕ್ಷೆಗೆ ಹೆಚ್ಚು ಸಮಯ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಕಲಿಕೆಯ ಈ ತೊಂದರೆಯೂ ಸೇರಿದೆ. ಬಳಗದಲ್ಲಿ ಇದು ಅವನ ಗೆಳೆಯರಿಗಷ್ಟೇ ಗೊತ್ತಿತ್ತು. ಅವನು ಈ ಕಾದಂಬರಿಯನ್ನು ಆಡಿಯೋದಲ್ಲಿ ಕೇಳಿದ್ದ. ಅವನಿಗೆ ವೈಲನ್ ಇಷ್ಟ ಆಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದೆವು. ಅವನು ಹೇಳಿದ್ದು ಬೇರೆ.

“ವೈಲನ್‌ಗೆ ಓದಲು ಬರಲ್ಲ, ಸರಿ. ಆದ್ರೆ ಅವನು ಕೊಳಲು ಊದ್ತಾನೆ, ಚಿತ್ರ ಬರೀತಾನೆ, ಬಾಂಬ್ ಮಾಡ್ತಾನೆ. ಲೆಕ್ಕದಲ್ಲೂ ಜೋರು. ಓದಲು ಬರದವನು ಬೇರೆ ಯಾವುದರಲ್ಲಾದರೂ ಜೀನಿಯಸ್ ಆಗಿರಲೇಬೇಕಾ? ನಾನು ಯಾವುದರಲ್ಲೂ ಜೀನಿಯಸ್ ಅಲ್ಲ. ನನ್ನಂಥವನನ್ನು ಅವರು ಗುಂಪಿಗೆ ಸೇರಿಸ್ತಾ ಇದ್ರಾ?”

ಎಲ್ಲರನ್ನೂ ಒಳಗೊಳ್ಳುವ ಪುಸ್ತಕಗಳ ಬಗ್ಗೆ ನಾನು ಕೇಳಿದ ಅತಿ ಗಟ್ಟಿಯಾದ ವಿಮರ್ಶೆ ಇದು. ರಾಯರ ಟಿಕೆಟ್ ಹಂಚಿಕೆಯ ಮಾತು ಹೊರಗೆ ನಿಂತು ಹೇಳಿದ್ದು. ಇದು ಪುಸ್ತಕದೊಳಗೆ ಹೋಗಿ, ತನ್ನ ಜಾಗದಲ್ಲಿ ಕೂತು ನೋಡಿ, ಸಾಲದು ಅಂತ ಹೇಳಿದ್ದು. ಇಂಥ ಕಾದಂಬರಿಗಳಲ್ಲಿ ಒಂದು ಕೊರತೆ ತೋರಿಸಿದರೆ ಅದನ್ನು ತುಂಬಲು ಒಂದು ಅದ್ಭುತ ಶಕ್ತಿ ಕೊಡುವುದು ಅಭ್ಯಾಸವಾಗಿದೆ. ಫ್ಯಾಂಟಸಿಯಲ್ಲಿ ಅದು ಇನ್ನೂ ಸುಲಭ. ಓದುವ ಮಗುವಿಗೆ ಅದರಿಂದ ಧೈರ್ಯ ಬರಬಹುದು. ಜೊತೆಗೆ ಬೆಲೆ ಕಟ್ಟಿದರೆ ಮಾತ್ರ ಒಳಗೆ ಜಾಗ ಅನ್ನುವ ಮಾತೂ ಕೇಳಿಸುತ್ತದೆ. ಜೀವನಚರಿತ್ರೆಗೂ ಇದೇ ಕಾಯಿಲೆ. ಚೌಪಾಟಿಯ ಬೆಂಚಿನ ಮೇಲೆ ಮಲಗಿದವರು ಸಾವಿರ ಜನ. ಪುಸ್ತಕ ಬರುವುದು ಮಂತ್ರಿಯಾದವರ ಬಗ್ಗೆ.

ಈಗ ಎಲ್ಲಿದ್ದೇವೆ

ಬಿಟ್ಟುಹೋದ ಎರಡು ಮನೆಗಳಲ್ಲಿ ಒಂದು ವಾಪಸ್ ಬಂದಿದೆ. ಇನ್ನೊಂದು ಬಂದಿಲ್ಲ. ರಾಯರಿಗೆ ಫ್ಯಾಂಟಸಿ ಇನ್ನೂ ಹಿಡಿಸಿಲ್ಲ, ಆದರೆ ಓದದೆ ಮಾತಾಡುವುದನ್ನು ಬಿಟ್ಟಿದ್ದಾರೆ. ಮಕ್ಕಳು ಹೋಟೆಲ್ ಅಜ್ಜನ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಲು ಶುರು ಮಾಡಿದ್ದಾರೆ. 1960ರ ದಶಕದ ಹೋಟೆಲ್ ಕೆಲಸಗಾರರು ಇನ್ನೂ ಯಾರಿದ್ದಾರೆ ಅಂತ ಮಾಟುಂಗಾ, ವಡಾಲಾ ಕಡೆ ರಾಯರೇ ಹುಡುಕುತ್ತಿದ್ದಾರೆ. ಪುಟ ತೆರೆಯುವ ಕಟ್ಟಳೆ ಹಾಗೇ ಮುಂದುವರಿದಿದೆ. ಅದರಿಂದ ಮಾತು ಕಡಿಮೆಯಾಗಿದೆ, ಸಭೆ ಬೇಗ ಮುಗಿಯುತ್ತದೆ ಅನ್ನುವ ದೂರೂ ಇದೆ. ಆ ದೂರು ನಿಜ. ಮೊದಲಿನ ಹರಟೆಯ ಖುಷಿ ಸ್ವಲ್ಪ ಹೋಗಿದೆ.

ಎರಡನೆಯ ಭಾಗ ಓದುವುದೋ ಬೇಡವೋ ಅಂತ ಕಳೆದ ಭಾನುವಾರ ಮಾತಾಯಿತು. ಅದರಲ್ಲಿ ಜೆಸ್ಪರ್–ವೈಲನ್ ಪ್ರೀತಿ ಬಿಚ್ಚಿಕೊಳ್ಳುತ್ತದೆ. ಎಂಟನೇ ಕ್ಲಾಸಿನ ಹುಡುಗಿಯ ತಾಯಿ, ಮೊದಲು ತಾವು ಓದಿ ಆಮೇಲೆ ಹೇಳುವುದಾಗಿ ಪುಸ್ತಕ ತೆಗೆದುಕೊಂಡು ಹೋಗಿದ್ದಾರೆ. ಆ ಭಾಗದಲ್ಲಿ ವೈಲನ್‌ಗೆ ಬೇಕಾದ್ದನ್ನು ಜೆಸ್ಪರ್ ಓದಿ ಹೇಳುತ್ತಾನೆ ಅಂತ ಒಬ್ಬಳು ಮೊದಲೇ ಹೇಳಿಬಿಟ್ಟಳು. ಹೋಟೆಲ್ ಅಜ್ಜನಿಗೆ ಅದು ಹಿಡಿಸಿತು. “ಓದಿ ಹೇಳೋಕೆ ಒಬ್ಬರು ಸಿಕ್ಕಿದರೆ ಇನ್ನೇನು ಬೇಕು? ನಂಗೆ ಆಗ ಅಂಥವರು ಯಾರೂ ಇರಲಿಲ್ಲ,” ಅಂದರು. ಹತ್ತನೇ ಕ್ಲಾಸಿನ ಹುಡುಗ ಒಪ್ಪಲಿಲ್ಲ. “ಇಲ್ಲ ಅಜ್ಜ. ಜೆಸ್ಪರ್ ಜಗಳ ಮಾಡ್ಕೊಂಡು ಹೋದ್ರೆ ಅವನೇನು ಮಾಡಬೇಕು? ನಂಗೆ ನನ್ನ ಟೈಮು ಬೇಕು, ನನ್ನ ಆಡಿಯೋ ಬೇಕು.” ಇಬ್ಬರೂ ತಮ್ಮ ಮಾತು ಬಿಟ್ಟುಕೊಟ್ಟಿಲ್ಲ. ಎರಡನೆಯ ಭಾಗ ಓದುವುದಾದರೆ ಆ ಪುಟದಿಂದಲೇ ಶುರು ಮಾಡೋಣ ಅಂತ ಮಾತಾಗಿದೆ.